ತಾಮ್ರದ ತುರುಬು

ನಮ್ಮ ಭಾವನಿಗೆ ಕುಡಿಯುವ ಚಟ ಇಲ್ಲ, ಸೇದುವ ಚಟ ಇಲ್ಲ. ಇರುವುದು ಒಂದೇ ಚಟ, ಬುದ್ಧಿ ಹೇಳುವುದು. ಸಂಜೆ ನಾವು ತಳ್ಳುಗಾಡಿಯನ್ನು ಅವರ ಗುಜರಿ ಅಂಗಡಿಯ ಮುಂದೆ ತಂದು ನಿಲ್ಲಿಸಿದ ಕೂಡಲೇ ಅದು ಶುರುವಾಗುತ್ತಿತ್ತು. ಪೇಪರ್ ಒಂದು ಕಡೆ, ರಟ್ಟು ಒಂದು ಕಡೆ, ಕಬ್ಬಿಣ, ಬಾಟಲಿ, ಪ್ಲಾಸ್ಟಿಕ್ ಒಂದೊಂದು ಕಡೆ ಎಂದು ಬೇರೆ ಮಾಡಿ ನಾನೂ ನನ್ನ ಗಂಡನೂ ತೂಕಕ್ಕೆ ಹಾಕುತ್ತಿದ್ದರೆ, ಭಾವ ಕುರ್ಚಿಯಲ್ಲಿ ಕೂತು, "ಉಳಿಸೋದು ಕಲೀಬೇಕು ಕಣೋ ತಮ್ಮ. ಹನಿ ಹನಿ ಕೂಡಿದ್ರೆ ಹಳ್ಳ" ಎನ್ನುತ್ತಿದ್ದರು.

"ಹೂಂ ಅಣ್ಣ" ಎನ್ನುತ್ತಿದ್ದರು ನಮ್ಮವರು. ಅಣ್ಣನ ಮುಂದೆ ಅವರಿಗೆ ಬರುವ ಮಾತು ಅದೊಂದೇ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಹನಿ ಕೂಡಬೇಕಾದರೆ ಕೆಳಗೊಂದು ಪಾತ್ರೆ ಬೇಡವೇ? ನಮ್ಮ ಹನಿಯೆಲ್ಲ ನೇರ ಮಣ್ಣಿಗೇ ಬೀಳುತ್ತಿತ್ತು.

ನಮ್ಮ ಕಸುಬು ಯಾರಿಗೂ ಗೊತ್ತಿಲ್ಲದ್ದೇನಲ್ಲ. ಬೆಳಗ್ಗೆ ಬೀದಿ ಬೀದಿ ಕೂಗಿಕೊಂಡು ಹೋಗಿ ಜನರಿಗೆ ಬೇಡವಾದದ್ದನ್ನು ಕೊಳ್ಳುವುದು, ಸಂಜೆ ಗುಜರಿ ಅಂಗಡಿಗೆ ಮಾರುವುದು. ಅಂದಿನ ಮಾಲು ಅಂದೇ ಹೋಗಬೇಕು. ನಮ್ಮದು ಒಂದೇ ಕೋಣೆಯ ಮನೆ, ಮೂರು ಜನ ಕಾಲು ಚಾಚಿ ಮಲಗಿದರೆ ಬಾಗಿಲು ಹಾಕಲು ಯಾರಾದರೊಬ್ಬರು ಮಗ್ಗುಲಾಗಬೇಕು. ಪೇಪರನ್ನು ಗಾಡಿಯ ಮೇಲೆ ಹೊರಗೆ ಬಿಟ್ಟರೆ ನೆನೆಯುತ್ತದೆ, ನೆನೆದ ಪೇಪರನ್ನು ಯಾರೂ ಮೂಸಿ ನೋಡುವುದಿಲ್ಲ. ಹೀಗಾಗಿ ಬೆಲೆ ಬಿದ್ದಿರಲಿ, ಎದ್ದಿರಲಿ, ಸಂಜೆ ಕೊಟ್ಟು ಕೈ ತೊಳೆದುಕೊಳ್ಳಬೇಕು. ಪರೀಕ್ಷೆ ಮುಗಿದ ತಿಂಗಳಲ್ಲಂತೂ ಮನೆ ಮನೆಯಿಂದ ಪುಸ್ತಕ ಬಂದು ಬೀಳುತ್ತವೆ, ಬೆಲೆ ನೆಲ ಕಚ್ಚುತ್ತದೆ. ಗಾಡಿ ಎಳೆಯಲಾಗದಷ್ಟು ತುಂಬಿದರೂ ನಮ್ಮ ಕೈಗೆ ಬರುವುದು ಅಷ್ಟಕ್ಕಷ್ಟೆ. ಭಾವ ಅದನ್ನೆಲ್ಲ ಆಗಲೇ ಕೊಂಡು ಗೋಡೌನಿನ ಸೂರು ಮುಟ್ಟುವಂತೆ ಒಟ್ಟುತ್ತಾರೆ. ಕೆಲವು ತಿಂಗಳು ಬಿಟ್ಟು ಬೆಲೆ ಏರಿದಾಗ ಲಾರಿ ಕರೆಸುತ್ತಾರೆ. ನಡುವೆ ಅವರಿಗಿರುವ ಕೆಲಸ ಎಂದರೆ ಇಲಿಗೆ ಬೋನು ಇಡುವುದು.

ಅಣ್ಣ ತಮ್ಮ ಇಬ್ಬರೂ ಶುರು ಮಾಡಿದ್ದು ತಳ್ಳುಗಾಡಿಯಿಂದಲೇ. ಭಾವನ ಗಾಡಿ ನಮ್ಮದಕ್ಕಿಂತ ಹಳೆಯದಿತ್ತಂತೆ, ಅದನ್ನು ಅವರು ಹೋದಲ್ಲಿ ಬಂದಲ್ಲಿ ಹೇಳುತ್ತಾರೆ. ಹೇಳದೆ ಬಿಡುವ ಮಾತು ಇನ್ನೊಂದಿದೆ. ಮದುವೆಯಾದ ಮೇಲೆ ಅವರ ಮಾವ ತನ್ನ ಹಳೇ ಹಿಟ್ಟಿನ ಗಿರಣಿಯ ಕಟ್ಟಡವನ್ನು ಅಳಿಯನಿಗೆ ಬಿಟ್ಟುಕೊಟ್ಟ. ಅದೇ ಈಗಿನ ಗೋಡೌನು. ಸೂರು ಸಿಕ್ಕಿತು, ಕಾಯಲು ಜಾಗ ಸಿಕ್ಕಿತು, ಆಮೇಲೆ ದುಡ್ಡು ತಾನೇ ದಾರಿ ಕೇಳಿಕೊಂಡು ಮನೆಗೆ ಬಂತು. ಹಾಗೆಂದು ಭಾವ ಮೋಸಗಾರರಲ್ಲ. ತೂಕದಲ್ಲಿ ಒಂದು ದಿನವೂ ಕೈ ಆಡಿಸಿದವರಲ್ಲ. ಆಡಿಸಿದ್ದಾರೆ ಎಂದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ನನ್ನ ಮಗಳು ಅವರನ್ನು ದೊಡ್ಡಪ್ಪ ಎಂದು ಕರೆದಾಗಲೆಲ್ಲ ನಾನು, "ಹಾಗೇ ಕರೀತಿರು ಮಗಳೇ, ದುಡ್ಡೇ ದೊಡ್ಡಪ್ಪ ಅಂತ ದೊಡ್ಡವರು ಸುಮ್ನೆ ಹೇಳಿದ್ದಾರಾ" ಎಂದು ನಗುತ್ತಿದ್ದೆ. ನಮ್ಮವರು ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದರು.

ನಮ್ಮ ಬೀದಿಯ ಕೊನೆಯಲ್ಲಿ ಬಡಗಿಯೊಬ್ಬನ ಶೆಡ್ಡು ಇತ್ತು. ತಗಡಿನ ಮಾಡು, ಇಟ್ಟಿಗೆ ಗೋಡೆ, ಎಳೆದರೆ ಕಿರುಗುಟ್ಟುವ ಶಟರು. ಬಡಗಿಗೆ ಕಣ್ಣು ಮಂಜಾಗಿ ಕಸುಬು ನಿಲ್ಲಿಸುವ ಹೊತ್ತಿಗೆ ನಾನು ಹೋಗಿ ಕೇಳಿದೆ.

"ಬಾಡಿಗೆಗೆ ಕೊಡ್ತೀನಮ್ಮ, ಆದ್ರೆ ಮುಂಗಡ ಒಟ್ಟಿಗೇ ಬೇಕು" ಎಂದ. "ಮಳೆಗಾಲ ಮುಗಿಯೋವರೆಗೆ ನಿಮಗೋಸ್ಕರ ಕಾಯ್ತೀನಿ. ಆಮೇಲೆ ಯಾರು ಕೊಡ್ತಾರೋ ಅವರಿಗೆ."

ಅವನು ಹೇಳಿದ ಮೊತ್ತ ಕೇಳಿ ನಮ್ಮವರ ಮುಖ ಸಪ್ಪಗಾಯಿತು. ನಾನು ಮಾತ್ರ ಅಂದಿನಿಂದ ಆ ಶೆಡ್ಡಿನ ಕನಸು ಹಿಡಿದುಕೊಂಡೆ. ಬಾಡಿಗೆ ಹೇಗೋ ದುಡಿದು ಕೊಡಬಹುದು. ಒಳಗೆ ಪೇಪರ್ ಒಟ್ಟಬಹುದು. ಮಳೆ ಬಂದರೆ ಬರಲಿ ಎಂದು ಶಟರು ಎಳೆದುಕೊಂಡು ಕೂರಬಹುದು. ಬೆಲೆ ಏರುವವರೆಗೆ ನಾವೂ ಕಾಯಬಹುದು. ಬೇರೆಯವರು ಸೀರೆ, ಒಡವೆ ಕನಸು ಕಾಣುತ್ತಾರೆ, ನಾನು ತಗಡಿನ ಮಾಡು ಕಂಡೆ. ಅದಕ್ಕೂ ನನ್ನ ಯೋಗ್ಯತೆ ಸಾಲಲಿಲ್ಲ, ಆ ಮಾತು ಆಮೇಲೆ.

ನಾನು ಕಂಡುಕೊಂಡ ದಾರಿ ತಾಮ್ರ. ಪೇಪರಿನಂತೆ ಅದು ನೆನೆಯುವುದಿಲ್ಲ, ರಟ್ಟಿನಂತೆ ಜಾಗ ತಿನ್ನುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಕೆಟ್ಟ ಫ್ಯಾನು, ಸುಟ್ಟ ಮೋಟರು, ಮನೆ ರಿಪೇರಿಯಾದಾಗ ಕಿತ್ತು ಬಿಸಾಡಿದ ವೈರು, ಎಲ್ಲದರ ಹೊಟ್ಟೆಯಲ್ಲೂ ಒಂದಿಷ್ಟು ತಾಮ್ರ ಇರುತ್ತದೆ. ಉಳಿದದ್ದನ್ನು ಸಂಜೆ ಮಾರುವುದು, ತಾಮ್ರವನ್ನು ಮಾತ್ರ ಮನೆಯಲ್ಲಿಡುವುದು ಎಂದು ನಾನೇ ನಿರ್ಧಾರ ಮಾಡಿದೆ. ಆ ದಿನಗಳಲ್ಲಿ ಕೈಗೆ ಬರುವುದು ಇನ್ನೂ ಕಡಿಮೆಯಾಯಿತು. ಅಡುಗೆಗೆ ಎಣ್ಣೆ ತೋರಿಸಿದರೆ ಸಾಕು ಎನ್ನುವಂತಾಯಿತು. ಮಗಳು ಹರಿದ ಚಪ್ಪಲಿಗೆ ನಾನು ಸುಲಿದೆಸೆದ ವೈರಿನ ಸಿಪ್ಪೆಯನ್ನೇ ಕಟ್ಟಿಕೊಂಡು ಶಾಲೆಗೆ ಹೋದಳು.

ವೈರಿನಿಂದ ತಾಮ್ರ ತೆಗೆಯಲು ಎರಡು ದಾರಿ. ಬೆಂಕಿಗೆ ಹಾಕಿದರೆ ಮೇಲಿನ ಪ್ಲಾಸ್ಟಿಕ್ ಉರಿದು ಹೋಗುತ್ತದೆ, ಅರ್ಧ ಗಂಟೆಯ ಕೆಲಸ. ಆದರೆ ತಾಮ್ರ ಕಪ್ಪಾಗುತ್ತದೆ, ಸುಟ್ಟ ತಾಮ್ರ ಎಂದು ಬೆಲೆ ಇಳಿಸುತ್ತಾರೆ. ಚಾಕುವಿನಿಂದ ಉದ್ದಕ್ಕೆ ಸೀಳಿ ಸಿಪ್ಪೆ ಸುಲಿದರೆ ಒಳಗಿನ ತಾಮ್ರ ಹೊಸದರಂತೆ ಹೊಳೆಯುತ್ತದೆ, ಅದಕ್ಕೇ ಒಳ್ಳೆಯ ಬೆಲೆ. ನಾನು ಸುಲಿಯುತ್ತಿದ್ದೆ. ಬೆರಳಿನ ತುದಿಯೆಲ್ಲ ಗೀರು ಗೀರು, ಉಪ್ಪು ಮುಟ್ಟಿದರೆ ಪ್ರಾಣ ಹೋಗುತ್ತಿತ್ತು. ಸುಲಿದ ತಂತಿಯನ್ನು ಸುಮ್ಮನೆ ತುರುಕಿದರೆ ಜಾಗ ಸಾಲದು ಎಂದು, ನನ್ನ ಕೂದಲನ್ನು ಸುತ್ತುವ ಹಾಗೆಯೇ ಸುತ್ತಿ, ಕೊನೆಯನ್ನು ನಡುವೆ ಸಿಕ್ಕಿಸಿ ಗಟ್ಟಿ ತುರುಬು ಮಾಡುತ್ತಿದ್ದೆ. ಮಂಚದ ಕೆಳಗಿನ ನೀಲಿ ಡ್ರಮ್ಮಿನಲ್ಲಿ ಅವನ್ನು ಸಾಲಾಗಿ ಜೋಡಿಸಿಡುತ್ತಿದ್ದೆ. ಮಗಳು ಇಣುಕಿ ನೋಡಿ, "ಅಮ್ಮಾ, ಡ್ರಮ್ ತುಂಬ ಅಜ್ಜಿಯರು ಬೆನ್ನು ಹಾಕಿ ಕೂತಿದ್ದಾರೆ" ಎಂದು ನಕ್ಕಳು. ನಿಜ ಹೇಳುತ್ತೇನೆ, ಆ ಡ್ರಮ್ಮಿನ ಮುಚ್ಚಳ ತೆಗೆದು ನೋಡಿದಾಗ ಆಗುತ್ತಿದ್ದಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಡ್ರಮ್ಮು ತುಂಬಿತು. ತಾಮ್ರದ ಬೆಲೆಯೂ ಏರತೊಡಗಿತ್ತು. ನಮ್ಮವರಿಗೆ ತಡೆಯಲಾಗಲಿಲ್ಲ.

"ಮಾರಿಬಿಡೋಣ ಕಣೇ. ಮುಂಗಡಕ್ಕೆ ಸ್ವಲ್ಪವೇ ಕಡಿಮೆ ಬೀಳುತ್ತೆ."

"ಆ ಸ್ವಲ್ಪ ಎಲ್ಲಿಂದ ತರ್ತೀರಿ? ಬೆಲೆ ಇನ್ನೂ ಏರುತ್ತೆ, ಕಾಯೋಣ. ನಿಮ್ಮಣ್ಣ ಮಾರ್ತಿದ್ದಾರಾ?"

ಭಾವ ಮಾರುತ್ತಿರಲಿಲ್ಲ. ಅಂಗಡಿಯಲ್ಲಿ ಎಲ್ಲರೆದುರು, "ಈಗ ತಾಮ್ರ ಮಾರೋನು ಮೂರ್ಖ" ಎಂದು ಅವರೇ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಬುದ್ಧಿ ಹೇಳುವವರಿಂದ ಒಮ್ಮೆಯಾದರೂ ಬುದ್ಧಿ ಕಲಿಯೋಣ ಎಂದುಕೊಂಡೆ. ಹುಟ್ಟಿದಾಗಿನಿಂದ ಬಸ್ಸಿಗೆ, ನಲ್ಲಿ ನೀರಿಗೆ, ಆಸ್ಪತ್ರೆಯ ಸಾಲಿನಲ್ಲಿ ಕಾದಿದ್ದೇನೆ. ಲಾಭಕ್ಕಾಗಿ ಕಾದದ್ದು ಅದೇ ಮೊದಲು. ಅದರ ರುಚಿಯೇ ಬೇರೆ.

ಆಗಲೇ ಬೀದಿದೀಪಗಳು ಆರಿದವು. ದೊಡ್ಡ ರಸ್ತೆಯಲ್ಲಿ ನೆಲದಡಿ ಹಾಕಿದ್ದ ದಪ್ಪ ಕೇಬಲನ್ನು ಯಾರೋ ಅಗೆದು ಕತ್ತರಿಸಿಕೊಂಡು ಹೋಗಿದ್ದರು. ಕೇಬಲಿನ ಒಳಗೆ ತಾಮ್ರವಲ್ಲದೆ ಇನ್ನೇನಿರುತ್ತದೆ? ಮರುದಿನ ಮಧ್ಯಾಹ್ನ ಪಕ್ಕದ ಮನೆಯ ಇಸ್ತ್ರಿಯಮ್ಮ ಏದುಸಿರು ಬಿಡುತ್ತಾ ಬಂದಳು. ಅವಳು ಪೊಲೀಸರ ಬಟ್ಟೆಗೂ ಇಸ್ತ್ರಿ ಹಾಕುವವಳು, ಅವಳ ಸುದ್ದಿ ಸುಳ್ಳಾಗುತ್ತಿರಲಿಲ್ಲ.

"ಗುಜರಿ ಗಾಡಿಯವರ ಮನೆಗಳನ್ನೆಲ್ಲ ಜಾಲಾಡ್ತಾರಂತೆ ಕಣೇ. ಆ ಕಡೆ ಬೀದಿ ಮುಗೀತು. ಒಬ್ಬನ ಮನೇಲಿ ಒಂದು ಚೀಲ ತಾಮ್ರ ಸಿಕ್ತು ಅಂತ ಎಳ್ಕೊಂಡು ಹೋದ್ರು. ಎಲ್ಲಿಂದ ಬಂತು ಅಂತ ಕೇಳಿದ್ರೆ ಅವನೇನು ಹೇಳ್ತಾನೆ? ನಾಳೆ ನಮ್ಮ ಬೀದಿ."

ನನ್ನ ತಾಮ್ರದ ಒಂದೊಂದು ಎಳೆಯೂ ನ್ಯಾಯವಾಗಿ ಕೊಂಡದ್ದು. ಆದರೆ ಹಳೇ ಫ್ಯಾನು ಮಾರಿದ ಯಾವ ಮನೆಯಾಕೆ ನನಗೆ ರಸೀದಿ ಬರೆದುಕೊಟ್ಟಿದ್ದಾಳೆ? ಯಾವ ತುರುಬು ಯಾವ ಮನೆಯದು ಎಂದು ನಾನಾದರೂ ಹೇಗೆ ಹೇಳಲಿ?

ನಾನು ಕೆಲಸದ ಮೇಲೆ ಎರಡು ಬೀದಿ ಸುತ್ತಿ ಬರುವಷ್ಟರಲ್ಲಿ ನಮ್ಮವರು ಹೆದರಿ ಒಂದು ಕೆಡುಕು ಮಾಡಿದ್ದರು. ಇನ್ನೂ ಸುಲಿಯದ ವೈರು ಒಂದು ಮೂಟೆ ಇತ್ತು. ಸಿಪ್ಪೆಯ ಸಮೇತ ಅಣ್ಣನ ಅಂಗಡಿಗೆ ಕೊಂಡೊಯ್ದರೆ ಕೇಬಲು ಎಂದು ಗುರುತು ಹಿಡಿಯುತ್ತಾರೆ ಎಂದು, ಅದನ್ನೆಲ್ಲ ಹಿಂದಿನ ಖಾಲಿ ಜಾಗಕ್ಕೆ ಒಯ್ದು ಬೆಂಕಿ ಕೊಟ್ಟಿದ್ದರು. ಸಾಲದ್ದಕ್ಕೆ ಡ್ರಮ್ಮಿನ ಮೇಲಿನ ಸಾಲಿನ ತುರುಬುಗಳನ್ನೂ ಅದೇ ಬೆಂಕಿಗೆ ಹಾಕಿದ್ದರು, ಹೊಳೆಯುವ ತಾಮ್ರ ಕಂಡರೆ ಹೊಸ ಕೇಬಲಿನದು ಎಂದಾರು, ಕಪ್ಪಾದರೆ ಹಳೆಯದೆಂದು ಬಿಟ್ಟಾರು ಎಂಬ ಜಾಣತನ. ಕಪ್ಪು ಹೊಗೆ ಮನೆಗಳ ಮೇಲೆ ಏಳುತ್ತಿತ್ತು. ನಾನು ಓಡಿಹೋಗಿ ನೀರು ಸುರಿದೆ.

"ನಿಮಗೇನು ಬುದ್ಧಿ ನೆಟ್ಟಗಿದೆಯೇನ್ರೀ? ನನ್ನ ಬೆರಳು ನೋಡಿ, ನನ್ನ ಬೆರಳು ನೋಡಿ!"

"ಜೈಲಿಗೆ ಹೋದ್ರೆ ಬೆರಳು ಇಟ್ಕೊಂಡು ಏನ್ಮಾಡ್ತೀಯೇ?" ಎಂದರು. ಮುಖವೆಲ್ಲ ಮಸಿ. ಅವರ ಕಣ್ಣಲ್ಲಿ ನೀರು ಬಂದದ್ದು ಹೊಗೆಯಿಂದಲೋ ಏನೋ, ನಾನು ಕಡ್ಡಿಯಿಂದ ಬೂದಿ ಕೆದಕಿ ತಾಮ್ರ ಹೆಕ್ಕತೊಡಗಿದೆ.

ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ, ಮೇಲೆ ಹಳೇ ಪೇಪರ್ ಹೊದಿಸಿ, ಸಂಜೆ ಎಂದಿನಂತೆ ಭಾವನ ಅಂಗಡಿಗೆ ಗಾಡಿ ತಳ್ಳಿದೆವು. ದಾರಿಯುದ್ದಕ್ಕೂ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಮಾರುವುದು ಬೇಡ, ಅವರ ಗೋಡೌನಿನಲ್ಲಿ ಇಡಲು ಒಂದು ಮೂಲೆ ಕೇಳೋಣ. ಒಡಹುಟ್ಟಿದ ತಮ್ಮ, ಇಲ್ಲ ಎನ್ನಲಾರರು.

ಭಾವ ಚೀಲ ಬಿಚ್ಚಿ ನೋಡಿದರು. ಒಂದು ತುರುಬನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಪರವಾಗಿಲ್ವೇ! ಚೆನ್ನಾಗಿ ಸುತ್ತಿದ್ದೀಯ" ಎಂದರು. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವ ನನ್ನ ವಾರಗಿತ್ತಿ, ಬಾಗಿಲ ಬಳಿ ನಿಂತು ನೋಡುತ್ತಿದ್ದಳು.

"ಭಾವ, ಇದನ್ನ ಮಾರೋಕೆ ತಂದಿಲ್ಲ" ಎಂದೆ. "ನಿಮ್ಮ ಗೋಡೌನಲ್ಲಿ ಒಂದು ಮೂಲೇಲಿ ಇಟ್ಕೊಳ್ಳಿ. ಗಲಾಟೆ ತಣ್ಣಗಾದ ಮೇಲೆ ತಗೊಂಡು ಹೋಗ್ತೀವಿ. ಬೇಕಾದ್ರೆ ಇಟ್ಕೊಂಡಿದ್ದಕ್ಕೆ ಬಾಡಿಗೆ ಹಿಡ್ಕೊಳ್ಳಿ."

ಅವರು ಬಹಳ ಹೊತ್ತು ಯೋಚಿಸಿದರು. ಸುಮ್ಮನೆ ನಾಟಕವಾಡಿದರೆಂದು ನಾನು ಹೇಳುವುದಿಲ್ಲ, ನಿಜವಾಗಿಯೇ ಯೋಚಿಸಿದರು.

"ಆಗಲ್ಲಮ್ಮ. ಬೇರೆಯವರ ಮಾಲು ನನ್ನ ಹತ್ರ ಇದ್ರೆ ನಾನು ಉತ್ತರ ಹೇಳಬೇಕಾಗುತ್ತೆ. ನಾನೇ ಕೊಂಡರೆ ಅದು ನನ್ನ ಅಂಗಡಿ ಮಾಲು, ಯಾರೂ ಕೇಳಲ್ಲ. ನಿಮ್ಮನೇಲಿ ತಾಮ್ರ ಇದ್ರೆ ಅದು ಕದ್ದಿದ್ದು. ನನ್ನ ಗೋಡೌನಲ್ಲಿದ್ರೆ ದಾಸ್ತಾನು. ನಾನು ಮಾಡಿದ ಕಾನೂನಲ್ಲ ಇದು, ಲೋಕ ಇರೋದೇ ಹೀಗೆ."

ನಾನು ಅಕ್ಕನ ಮುಖ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಬೆಲೆಯ ಮಾತು ಬಂತು. ಕಪ್ಪಾದದ್ದಕ್ಕೆ ಸುಟ್ಟ ತಾಮ್ರದ ಬೆಲೆ. ಹೊಳೆಯುವುದಕ್ಕೂ ಪೇಟೆಯ ಬೆಲೆ ಇಲ್ಲ, ಏಕೆಂದರೆ ಇಂಥ ಹೊತ್ತಿನಲ್ಲಿ ಕೊಳ್ಳುವವನಿಗೆ ಅಪಾಯ, ಅಪಾಯಕ್ಕೆ ಬೆಲೆ ಇದೆ. ನಮ್ಮವರು "ಹೂಂ ಅಣ್ಣ" ಎಂದರು. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ತೂಕದ ಯಂತ್ರದ ಮೇಲೆ ನಾನೇ ನನ್ನ ಕೈಯಾರೆ ಒಂದೊಂದೇ ತುರುಬನ್ನು ಇಟ್ಟೆ. ತೂಕ ಸರಿಯಾಗಿಯೇ ಇತ್ತು.

ಮರುದಿನ ಪೊಲೀಸರು ಬಂದರು. ಒಬ್ಬ ಬಾಗಿ ಮಂಚದ ಕೆಳಗೆ ನೋಡಿ, ಡ್ರಮ್ಮಿನ ಮುಚ್ಚಳ ತೆಗೆದ. ಒಳಗೆ ನೀರು ತುಂಬಿಸಿಟ್ಟಿದ್ದೆ. "ಕುಡಿಯೋ ನೀರಾ?" ಎಂದು ಕೇಳಿ ಒಂದು ಲೋಟ ಕುಡಿದು ಹೋದ. ಆ ವಾರದಲ್ಲೇ ಕೇಬಲ್ ಕಳ್ಳರು ಸಿಕ್ಕಿಬಿದ್ದರು. ರಸ್ತೆ ಕೆಲಸದ ಗುತ್ತಿಗೆದಾರನ ಕಡೆಯವರೇ ಅಂತೆ, ರಾಜಾರೋಷವಾಗಿ ವ್ಯಾನಿನಲ್ಲಿ ಸಾಗಿಸಿದ್ದರಂತೆ. ಎಳೆದುಕೊಂಡು ಹೋಗಿದ್ದ ಗಾಡಿಯವನನ್ನು ಬಿಟ್ಟು ಕಳಿಸಿದರು. ಅವನ ತಾಮ್ರ ಏನಾಯಿತೆಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೈಗೆ ಬಂದ ದುಡ್ಡು ಮುಂಗಡದ ಅರ್ಧಕ್ಕೆ ಸ್ವಲ್ಪ ಮೇಲಿತ್ತು, ಅಷ್ಟೇ. ಅದನ್ನಾದರೂ ಹಾಗೇ ಇಟ್ಟು ಮತ್ತೆ ಕೂಡಿಸೋಣ ಎಂದೆ. ತಾಮ್ರವಾಗಿದ್ದಾಗ ಅದು ತಣ್ಣಗೆ ಮಂಚದ ಕೆಳಗೆ ಕೂತಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನೋಟಾದ ಕೂಡಲೇ ಕಾಲು ಬಂತು. ಗಾಡಿಯ ಚಕ್ರ ಮುರಿಯಿತು, ಚಕ್ರವಿಲ್ಲದೆ ಕಸುಬಿಲ್ಲ. ಹಿಂದೆ ಬಿದ್ದಿದ್ದ ಮನೆ ಬಾಡಿಗೆ ಕೇಳಲು ಮಾಲೀಕ ಬಂದ. ಹೊಗೆ ಕುಡಿದು ನಮ್ಮವರ ಕೆಮ್ಮು ನಿಲ್ಲಲಿಲ್ಲ. ಮಗಳಿಗೆ ಚಪ್ಪಲಿ ತಂದೆ, ಅದೂ ಅಗ್ಗದ್ದು, ಮಳೆಯಲ್ಲಿ ಬಾಯಿ ಬಿಟ್ಟಿತು. ಮಳೆಗಾಲ ಮುಗಿಯುತ್ತಾ ಬರುವ ಹೊತ್ತಿಗೆ ಬಡಗಿಯ ಮುಖ ನೋಡಲು ನನಗೆ ನಾಚಿಕೆಯಾಗಿ ಆ ಕಡೆಯ ದಾರಿಯನ್ನೇ ಬಿಟ್ಟೆ.

ಅಷ್ಟರಲ್ಲಿ ತಾಮ್ರದ ಬೆಲೆ ಹಿಂದೆಂದೂ ಕಾಣದಷ್ಟು ಮೇಲೆ ಹೋಯಿತು. ಒಂದು ಸಂಜೆ ಗಾಡಿ ತಳ್ಳಿಕೊಂಡು ಹೋದರೆ ಭಾವನ ಗೋಡೌನಿನ ಮುಂದೆ ಲಾರಿ ನಿಂತಿತ್ತು. ಕೂಲಿಯವರು ಚೀಲದ ಮೇಲೆ ಚೀಲ ಎತ್ತಿ ಹಾಕುತ್ತಿದ್ದರು. ಒಂದು ಚೀಲದ ಬಾಯಿ ಹರಿದು ತಾಮ್ರ ನೆಲಕ್ಕೆ ಸುರಿಯಿತು. ಉರುಳಿಕೊಂಡು ಬಂದು ನನ್ನ ಕಾಲ ಬಳಿ ನಿಂತದ್ದು ಒಂದು ತುರುಬು. ಕೊನೆಯನ್ನು ನಡುವೆ ಸಿಕ್ಕಿಸಿದ್ದು, ಬಿಚ್ಚಿರಲಿಲ್ಲ. ಅಂದಿನಿಂದ ಇಂದಿನವರೆಗೆ ಯಾರೂ ಅದನ್ನು ಮುಟ್ಟಿಯೂ ಇರಲಿಲ್ಲ. ಸುಮ್ಮನೆ ಕತ್ತಲೆಯಲ್ಲಿ ಬಿದ್ದುಕೊಂಡೇ ದುಬಾರಿಯಾಗಿತ್ತು.

ಅದನ್ನು ಎತ್ತಿ ಕೂಲಿಯವನ ಕೈಗೆ ಕೊಟ್ಟೆ. ಇನ್ನೇನು ಮಾಡಲಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಲೇ? ಆಗ ನಿಜವಾಗಿಯೂ ಕಳ್ಳಿಯಾಗುತ್ತಿದ್ದೆ.

ಭಾವ ಅಂದು ಬಹಳ ಖುಷಿಯಾಗಿದ್ದರು. ನಮ್ಮನ್ನು ಒಳಗೆ ಕರೆದು ಕೂರಿಸಿ ಚಹಾ ಕೊಡಿಸಿದರು. ಅಕ್ಕನೇ ತಂದಿಟ್ಟಳು, ನನ್ನ ಕಣ್ಣು ತಪ್ಪಿಸಿ.

"ಒಂದು ಒಳ್ಳೇ ಸುದ್ದಿ ಕಣೋ ತಮ್ಮ. ಆ ಬಡಗಿ ಶೆಡ್ಡು ಇತ್ತಲ್ಲ, ಅದನ್ನ ಕೊಂಡುಬಿಟ್ಟೆ. ಮುದುಕ ಬಾಡಿಗೆ ಅಂತಿದ್ದ, ಪೂರ್ತಿ ದುಡ್ಡು ಒಟ್ಟಿಗೆ ಎಣಿಸ್ತೀನಿ ಅಂದೆ, ಬೆಲೆ ಇಳಿಸಿ ಕೊಟ್ಟ. ಹೊರಗಿನೋರಿಗೆ ಯಾಕೆ ಕೊಡ್ಲಿ ಅಂತ ನಿಮ್ಮ ನೆನಪಾಯ್ತು. ನೀವಿರಿ ಅಲ್ಲಿ. ಮುಂಗಡ ಗಿಂಗಡ ಏನೂ ಬೇಡ, ಬಾಡಿಗೆ ಕೊಡ್ತಾ ಹೋಗಿ."

ನಮ್ಮವರು ಕಣ್ಣೊರೆಸಿಕೊಂಡರು. ನನಗೂ ಒಂದು ಕ್ಷಣ ಎದೆ ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ತಗಡಿನ ಮಾಡು, ಕಿರುಗುಟ್ಟುವ ಶಟರು, ಒಳಗೆ ಒಟ್ಟಿದ ಪೇಪರು, ಎಲ್ಲ ಕಣ್ಣ ಮುಂದೆ ಬಂದವು.

"ಒಂದೇ ಮಾತು" ಎಂದರು ಭಾವ, ಚಹಾದ ಲೋಟ ಕೆಳಗಿಟ್ಟು. "ಅವತ್ತಿನ ಮಾಲು ಅವತ್ತೇ ಸಂಜೆ ಇಲ್ಲಿಗೇ ಬರಬೇಕು. ಅಲ್ಲಿ ಬೇರೆ ಮಾಡ್ಕೊಳ್ಳಿ, ಸುಲೀರಿ, ಮಲಗ್ರಿ, ಆದ್ರೆ ದಾಸ್ತಾನು ಮಾಡೋ ಹಾಗಿಲ್ಲ. ಆಮೇಲೆ ಪೊಲೀಸು ಗಿಲೀಸು ಅಂತ ನನ್ನ ಜಾಗಕ್ಕೆ ಬಂದ್ರೆ ನನಗೆ ಕಷ್ಟ. ಆಯ್ತಲ್ಲ?"

"ಹೂಂ ಅಣ್ಣ" ಎಂದರು ನಮ್ಮವರು. ಭಾವ ನನ್ನ ಕಡೆ ನೋಡಿದರು. ನನ್ನ ಬಾಯಿಂದಲೂ ಒಂದು ಹೂಂ ಬಂತು. ಎದ್ದು ಹೊರಟಾಗ ಮಗಳಿಗೆಂದು ಕೈಗೊಂದು ಮಣ್ಣಿನ ಹುಂಡಿ ಕೊಟ್ಟು, "ಚಿಕ್ಕವಯಸ್ಸಿಂದಲೇ ಉಳಿಸೋದು ಕಲಿಸಮ್ಮ" ಎಂದರು.

ಈಗ ನಾವು ಆ ಶೆಡ್ಡಿನಲ್ಲೇ ಇದ್ದೇವೆ. ನಾಲ್ಕು ಗೋಡೆಯ ನಡುವೆ ಅಷ್ಟು ಖಾಲಿ ಜಾಗ, ಸಂಜೆಯಾದರೆ ಗುಡಿಸಿದ ಹಾಗೆ ಬರಿದಾಗುತ್ತದೆ. ಮಳೆ ಬಂದರೆ ಮಾಡಿನ ಮೇಲೆ ಜೋರಾಗಿ ಸದ್ದು, ಒಳಗೆ ನೆನೆಯಲು ಏನೂ ಇಲ್ಲ. ಹುಂಡಿ ಕಿಟಕಿಯ ಮೇಲಿದೆ. ವೈರು ಬಂದರೆ ಈಗಲೂ ಕೂತು ಸುಲಿಯುತ್ತೇನೆ, ಅಭ್ಯಾಸ. ಆದರೆ ತುರುಬು ಸುತ್ತುವುದಿಲ್ಲ. ತಂತಿಯನ್ನು ಹಾಗೇ ಸಿಕ್ಕು ಸಿಕ್ಕಾಗಿ ಚೀಲಕ್ಕೆ ತುರುಕುತ್ತೇನೆ. ಮುಂದೆ ಎಂದಾದರೂ ಆ ಗೋಡೌನಿನ ಮುಂದೆ ಲಾರಿ ನಿಂತಾಗ ನನಗೆ ಗುರುತು ಸಿಗುವುದು ಬೇಡ.